ಕಾಗದದ ಹೆಸರು ಒಂದೇ ಇರ್ಲಿ, ಮಾತಿನ ಹೆಸರು ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕಿ

ಬದಿಯಡ್ಕ ಬಸ್ ಸ್ಟ್ಯಾಂಡಲ್ಲಿ ಒಂದು ಸಂಜೆ ನಿಂತಿದ್ದೆ, ಕಂಕುಳಲ್ಲಿ ಉತ್ತರಪತ್ರಿಕೆ ಕಟ್ಟು, ನಮ್ಮ ಏಳನೇ ಕ್ಲಾಸಿನ ಹುಡುಗಿಯ ಅಮ್ಮ ಪಕ್ಕಕ್ಕೆ ಬಂದು ನಿಂತ್ರು. ಮಳೆ ಬಗ್ಗೆ, ಅಡಿಕೆಗೆ ಮದ್ದು ಬಿಡೋದು ತಡ ಆದದ್ದರ ಬಗ್ಗೆ ಎರಡು ಮಾತಾಡಿ ಆಮೇಲೆ ಮೆಲ್ಲ ಕೇಳಿದ್ರು, "ಟೀಚರ್, ಇನ್‌ಸ್ಟಾಗ್ರಾಮಲ್ಲಿ ಕವನ ಹಾಕೋದು ನೀವೇ ಅಲ್ವಾ? ಅಮ್ಮನಿಗೆ ಮರೆವು ಬಂದದ್ದರ ಬಗ್ಗೆ ಬರ್ದಿದ್ದೀರಲ್ಲ, ಓದಿ ನಂಗೆ ಕಣ್ಣಲ್ಲಿ ನೀರು ಬಂತು."

ಒಳ್ಳೇ ಮನಸ್ಸಿಂದಲೇ ಹೇಳಿದ್ದು ಅವರು. ಆದ್ರೆ ನಂಗೆ ಬಾಯಿ ಒಣಗಿ ಹೋಯ್ತು. ಆ ಪೇಜಲ್ಲಿ ನನ್ನ ಹೆಸರಿಲ್ಲ, ಮುಖ ಇಲ್ಲ, ಊರಿಲ್ಲ. ಅಮ್ಮ ನನ್ನನ್ನೇ ನೋಡಿ "ನೀವು ಯಾವ ಮನೆಯವರು, ಕೂತ್ಕೊಳ್ಳಿ, ಆಸರಿಗೆ ಎಂತ ಬೇಕು" ಅಂತ ಕೇಳಿದ ದಿನ ಬರೆದದ್ದು ಅದ್ರಲ್ಲಿ ಉಂಟು, ಅದನ್ನ ನಾನು ಸ್ಟಾಫ್ ರೂಮಲ್ಲಿ ಯಾರಿಗೂ ಹೇಳಿರ್ಲಿಲ್ಲ, ಅಣ್ಣನಿಗೂ ಹೇಳಿರ್ಲಿಲ್ಲ.

"ನಿಮ್ಗೆ ಹೇಗೆ ಗೊತ್ತಾಯ್ತು?"

"ಅದುವೇ ತೋರಿಸ್ತು ಟೀಚರ್, ನಿಮಗೆ ಪರಿಚಯ ಇರಬಹುದು ಅಂತ. ಮತ್ತೆ ಒಂದು ಫೋಟೋದಲ್ಲಿ ತುಳಸಿಕಟ್ಟೆ ಉಂಟಲ್ಲ, ಒಂದು ಮೂಲೆ ಒಡೆದದ್ದು, ಅದು ನಿಮ್ಮ ಅಂಗಳದ್ದೇ, ಕಳೆದ ವರ್ಷ ಪೂಜೆಗೆ ಬಂದಿದ್ದೆವಲ್ಲ."

ಆ ರಾತ್ರಿ ಕೂತು ಎಲ್ಲ ಬಿಚ್ಚಿ ನೋಡಿದೆ. ನಾನು ಮಾಡಿದ ತಪ್ಪು ಇಷ್ಟೇ, ಪಿಟಿಎ ಗ್ರೂಪಲ್ಲಿ ಇರೋ ನಂಬರಿಂದಲೇ ಆ ಅಕೌಂಟ್ ಓಪನ್ ಮಾಡಿದ್ದೆ. ಆ ನಂಬರು ಇನ್ನೂರು ಜನ ತಂದೆತಾಯಿಯರ ಫೋನಲ್ಲಿ "ಕನ್ನಡ ಟೀಚರ್" ಅಂತ ಸೇವ್ ಆಗಿ ಉಂಟು, ಅವರಲ್ಲಿ ಎಷ್ಟೋ ಜನ ಆಪ್‌ಗೆ ಕಾಂಟ್ಯಾಕ್ಟ್ಸ್ ನೋಡ್ಲಿಕ್ಕೆ ಪರ್ಮಿಷನ್ ಕೊಟ್ಟಿರ್ತಾರೆ, ಆಪ್ ಆ ನಂಬರನ್ನೂ ನನ್ನ ಅಕೌಂಟನ್ನೂ ಜೋಡಿಸಿ ನೋಡಿ ಇವರಿಗೆ ಇವರ ಗುರ್ತ ಇರ್ಬೇಕು ಅಂತ ಎದುರಿಗೆ ತಂದಿಡ್ತದೆ. ಹೆಸರು ಬದಲಿಸಿದ್ದು ಸಾಕು ಅಂತ ನಾನಂದ್ಕೊಂಡದ್ದು, ಆಪ್ ನೋಡೋದು ಹೆಸರನ್ನಲ್ಲ, ನಂಬರನ್ನ.

ಅದಾಗಿ ಮೂರು ವರ್ಷ ಆಯ್ತು. ಆಮೇಲೆ ಸುಮಾರು ಜನ ಗೆಳತಿಯರಿಗೆ, ಹಳೇ ವಿದ್ಯಾರ್ಥಿಗಳಿಗೆ, ನಮ್ಮ ಅತ್ತಿಗೆಗೆ ಎಲ್ಲ ಈ ಹೆಸರಿನ ವಿಷಯ ಸರಿ ಮಾಡಿ ಕೊಟ್ಟೆ, ಪ್ರತಿ ಸಲ ಒಂದೊಂದು ಹೊಸ ತೂತು ಸಿಗ್ತದೆ, ಅದಕ್ಕೆ ಒಂದು ಕಡೆ ಬರೆದಿಡುವ ಅಂತ.

ಹೆಸರು ಎರಡಿದ್ರೆ ತಪ್ಪಾ

ಮೊದ್ಲು ಇದನ್ನ ಮನಸ್ಸಿಂದ ತೆಗೀಬೇಕು. ಒಂದೇ ಮುಖ ಇರೋದು ಪ್ರಾಮಾಣಿಕತೆ, ಎರಡನೇ ಹೆಸರು ಇಟ್ಕೊಂಡವ ಕಳ್ಳ ಅನ್ನೋ ಮಾತು ಸುಮಾರು ಜನರ ಬಾಯಲ್ಲಿ ಉಂಟು. ಫೇಸ್‌ಬುಕ್ಕಿನ ಜುಕರ್‌ಬರ್ಗ್ ಕೂಡ ಒಂದು ಕಾಲದಲ್ಲಿ ಎರಡು ಗುರುತು ಇಟ್ಕೊಳ್ಳೋದು ನಿಷ್ಠೆ ಇಲ್ಲದ್ದರ ಲಕ್ಷಣ ಅನ್ನೋ ಅರ್ಥದಲ್ಲಿ ಹೇಳಿದ್ದುಂಟು. ಅದೇ ಫೇಸ್‌ಬುಕ್ 2023ರಲ್ಲಿ ಒಂದೇ ಅಕೌಂಟಿನ ಒಳಗೆ ಇನ್ನೂ ನಾಲ್ಕು ಪ್ರೊಫೈಲ್ ಮಾಡ್ಕೊಳ್ಳಿ ಅಂತ ಬಿಟ್ಟಿತು. ಗೂಗಲ್ ಪ್ಲಸ್ 2011ರಲ್ಲಿ ನಿಜ ಹೆಸರೇ ಬೇಕು ಅಂತ ಹಠ ಹಿಡಿದು ಎಷ್ಟೋ ಜನರ ಅಕೌಂಟ್ ಮುಚ್ಚಿಸಿ 2014ರಲ್ಲಿ ಆ ನಿಯಮವನ್ನೇ ಬಿಟ್ಟಿತು. ದಕ್ಷಿಣ ಕೊರಿಯಾದಲ್ಲಿ ನಿಜ ಹೆಸರು ಕೊಟ್ಟೇ ಬರೀಬೇಕು ಅನ್ನೋ ಕಾನೂನು 2007ರಲ್ಲಿ ಬಂದದ್ದು, 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಅದನ್ನ ರದ್ದು ಮಾಡಿತು.

ಮತ್ತೆ ನಮ್ಗೆ ಕನ್ನಡದವರಿಗೆ ಇದು ಹೊಸತಲ್ಲ. ಬೇಂದ್ರೆಯವರು ಕವಿತೆಗೆ ಅಂಬಿಕಾತನಯದತ್ತ ಅಂತ ಹೆಸರಿಟ್ಟುಕೊಂಡ್ರು, ಪಂಜೆಯವರು ಕವಿಶಿಷ್ಯ ಅಂತ. ಅದು ಬೇಂದ್ರೆ ಅಂತ ಊರಿಗೆಲ್ಲ ಗೊತ್ತಿತ್ತು, ಅವರೇನು ಅಡಗಿ ಕೂತದ್ದಲ್ಲ, ಕವಿತೆ ಬರೆಯುವಾಗ ಆ ಹೆಸರು ಬೇಕು ಅನ್ನಿಸಿತು, ಅಷ್ಟೇ. ಮುದ್ದಣ ಬೇರೆ ಥರ. ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರು, ತಾನು ಬರೆದದ್ದನ್ನೇ ಹಳೇ ಕವಿಯ ಓಲೆಗರಿ ಸಿಕ್ಕಿತು ಅನ್ನೋ ಹಾಗೆ ಮೈಸೂರಿಗೆ ಕಳಿಸಿದ್ರು, 1901ರಲ್ಲಿ ಮೂವತ್ತು ದಾಟಿದ್ದಷ್ಟೇ, ತೀರಿಹೋದ್ರು, ಬರೆದವರು ಇವರೇ ಅಂತ ಲೋಕಕ್ಕೆ ಸರಿಯಾಗಿ ಗೊತ್ತಾದದ್ದು ಆಮೇಲೆ.

ಈ ಎರಡು ಥರದ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಹೇಳೋದೆಲ್ಲ ಇದರ ಮೇಲೆಯೇ ನಿಂತಿರೋದು. ಬೇಂದ್ರೆಯವರದ್ದು ತೆರೆದ ಎರಡನೇ ಹೆಸರು. ಮುದ್ದಣನದ್ದು ಮುಚ್ಚಿದ ಎರಡನೇ ಹೆಸರು. ಹೆಚ್ಚಿನವರಿಗೆ ಬೇಕಾಗಿರೋದು ತೆರೆದದ್ದು, ಅದಕ್ಕೆ ಶ್ರಮ ಕಮ್ಮಿ, ಗೊತ್ತಾದ್ರೆ ನಷ್ಟ ಏನಿಲ್ಲ. ಮುಚ್ಚಿದ್ದು ಬೇಕು ಅಂತಾದ್ರೆ ದಿನಾ ಕಾಯ್ಬೇಕು, ಒಂದು ದಿನ ಬಾಗಿಲು ಹಾಕ್ಲಿಕ್ಕೆ ಮರೆತ್ರೆ ಆಯ್ತು. ನಾನು ಮಾಡಿದ್ದು ಮುಚ್ಚಿದ ಹೆಸರು ಬೇಕು ಅಂತ ಆಸೆಪಟ್ಟು ತೆರೆದ ಹೆಸರಿಗೆ ಬೇಕಾದಷ್ಟೇ ಜಾಗ್ರತೆ ಮಾಡಿದ್ದು.

ಕಾಗದದ ಹೆಸರು

ಸರ್ಕಾರಿ ದಾಖಲೆಗಳಲ್ಲಿ ಇರೋ ಹೆಸರು, ಇದು ಮಾತ್ರ ಒಂದೇ ಇರ್ಬೇಕು, ಅಕ್ಷರ ಕೂಡ ಬದಲಾಗಬಾರ್ದು. ಇಲ್ಲಿ ನಮ್ಮ ಕಾಸರಗೋಡಿನವರ ಪಾಡು ಬೇರೆ ಕಡೆಯವರಿಗೆ ಬೇಗ ಅರ್ಥ ಆಗೋದಿಲ್ಲ. ಮನೇಲಿ ಕರೆಯೋ ಹೆಸರು ಒಂದು, ಕನ್ನಡ ಶಾಲೆಯ ಹಾಜರಿಯಲ್ಲಿ ಒಂದು, ರೇಷನ್ ಕಾರ್ಡಲ್ಲಿ ಮಲಯಾಳಂ ಅಕ್ಷರದಲ್ಲಿ ಬರೆಯುವಾಗ ಕೃಷ್ಣ ಹೋಗಿ ಕೃಷ್ಣನ್ ಆಗಿರ್ತದೆ, ಅದನ್ನ ಮತ್ತೆ ಇಂಗ್ಲಿಷಿಗೆ ಇಳಿಸುವಾಗ ಲತಾ ಅನ್ನೋದರಲ್ಲಿ ಎಚ್ ಒಮ್ಮೆ ಇರ್ತದೆ ಒಮ್ಮೆ ಇರೋದಿಲ್ಲ, ಭಟ್ ಅಂದ್ರೆ ಒಂದು ಕಡೆ ಒಂದು ಟಿ, ಇನ್ನೊಂದು ಕಡೆ ಎರಡು. ಇನಿಷಿಯಲ್ ಹೆಸರಿನ ಮುಂದೆಯಾ ಹಿಂದೆಯಾ ಅನ್ನೋದು ಬೇರೆ ರಗಳೆ. 1956ರಲ್ಲಿ ಗಡಿ ಆಚೆ ಈಚೆ ಆಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಮ್ಮಂಥವರಿಗೆ ಒಬ್ಬನೇ ಮನುಷ್ಯನಿಗೆ ನಾಲ್ಕು ಸ್ಪೆಲ್ಲಿಂಗ್ ಇರೋದು ಮಾಮೂಲು.

ತಂಗಿಯ ಮಗನದ್ದು ಹಾಗೇ ಆಯ್ತು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರು, ಕೊನೆಗೆ ಒಂದು ಇನಿಷಿಯಲ್. ಆಧಾರಿನಲ್ಲಿ ಆ ಇನಿಷಿಯಲ್ ಬಿಡಿಸಿ ಮನೆ ಹೆಸರು ಪೂರ್ತಿ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಕೇರಳ ಪಿಎಸ್‌ಸಿಯ "ತುಳಸಿ" ವೆಬ್‌ಸೈಟಿನ ಪ್ರೊಫೈಲಲ್ಲಿ ಅವನೇ ಫೋನಲ್ಲಿ ಕೂತು ಟೈಪ್ ಮಾಡಿದ್ದು ಮೂರನೇ ಥರ. "ದೊಡ್ಡಮ್ಮ, ಎಲ್ಲ ನಾನೇ ಅಲ್ವಾ, ಎಂತ ಆಗ್ತದೆ" ಅಂತ ಕೇಳಿದ. ಆಗೋದು ಎಂತ ಅಂದ್ರೆ ಇವೆಲ್ಲ ನೀನೇ ಅಂತ ನೀನೇ ಸಾಬೀತು ಮಾಡ್ಬೇಕಾಗ್ತದೆ, ಅದಕ್ಕೆ ಅಫಿಡವಿಟ್ಟು, ವಿಲ್ಲೇಜ್ ಆಫೀಸು, ಆನ್‌ಲೈನ್ ಅರ್ಜಿ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಮತ್ತೆ ಮತ್ತೆ ಕ್ಯೂ.

ಹಾಗಾಗಿ ಮಾಡೋ ಕ್ರಮ ಹೀಗೆ. ಎಸ್‌ಎಸ್‌ಎಲ್‌ಸಿಯಲ್ಲಿ ಇರೋದನ್ನೇ ತಾಯಿಬೇರು ಅಂತ ಇಟ್ಕೊಳ್ಳಿ, ಬೇರೆ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಆಧಾರಿನಲ್ಲಿ ಹೆಸರು ಜೀವಮಾನದಲ್ಲಿ ಎರಡೇ ಸಲ ಬದಲಿಸ್ಲಿಕ್ಕೆ ಬಿಡೋದು, ಹುಟ್ಟಿದ ತಾರೀಕು ಒಂದೇ ಸಲ, ಆದ್ದರಿಂದ ಸುಮ್ಮನೆ ಹೋಗಿ ಒಂದು ಸಲ ಖರ್ಚು ಮಾಡ್ಬೇಡಿ, ಮೊದ್ಲು ಒಂದು ಬಿಳಿ ಹಾಳೆಯಲ್ಲಿ ಎಲ್ಲ ದಾಖಲೆಯ ಸ್ಪೆಲ್ಲಿಂಗನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. ಆಮೇಲೆ ಪಾನ್, ಬ್ಯಾಂಕು, ಪಾಸ್‌ಪೋರ್ಟು. ಪಾಸ್‌ಪೋರ್ಟಲ್ಲಿ ಹೆಸರಿಗೂ ಸರ್‌ನೇಮಿಗೂ ಬೇರೆ ಬೇರೆ ಜಾಗ ಇರ್ತದೆ, ಗಲ್ಫಿಗೆ ಹೋಗುವವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರಲ್ಲ, ಅಲ್ಲಿ ಇನಿಷಿಯಲ್ ಎಲ್ಲಿ ಹಾಕ್ತೀರಿ ಅಂತ ಮೊದಲೇ ಯೋಚನೆ ಮಾಡಿ.

ಈ ಹೆಸರಿಗೆ ಒಂದು ಇಮೇಲ್ ಐಡಿ ಪ್ರತ್ಯೇಕ. ಅದರಲ್ಲಿ ಹೆಸರು ಮಾತ್ರ ಇರ್ಲಿ, ಅಡ್ಡಹೆಸರು ಬೇಡ, ಹೀರೋ ಹೆಸರು ಬೇಡ, ಹುಟ್ಟಿದ ಇಸವಿ ಬೇಡ. ಜಿಮೇಲಲ್ಲಿ ನಡುವೆ ಚುಕ್ಕಿ ಹಾಕಿದ್ರೂ ಬಿಟ್ರೂ ಒಂದೇ ಐಡಿ, ಚುಕ್ಕಿ ಹಾಕಿ ಹೊಸತು ಮಾಡಿದೆ ಅಂತ ತಿಳ್ಕೊಳ್ಬೇಡಿ. ಬ್ಯಾಂಕು, ಆಧಾರು, ಪಿಎಸ್‌ಸಿ, ಗ್ಯಾಸು, ಕರೆಂಟ್ ಬಿಲ್ಲು, ಇವಿಷ್ಟೇ ಇದರಲ್ಲಿ. ಇದರಲ್ಲಿ ಒಂದು ಕಮೆಂಟ್ ಕೂಡ ಹಾಕ್ಬೇಡಿ, ಒಂದು ಶಾಪಿಂಗ್ ಆಪಿಗೂ ಕೊಡ್ಬೇಡಿ. ಆಧಾರಿನ ಕಾಪಿ ಯಾರಿಗಾದ್ರೂ ಕಳಿಸ್ಬೇಕು ಅಂತಾದ್ರೆ ಮಾಸ್ಕ್ಡ್ ಆಧಾರ್ ಅಂತ ಸಿಗ್ತದೆ, ಕೊನೇ ನಾಲ್ಕು ಅಂಕೆ ಮಾತ್ರ ಕಾಣೋದು, ಅದನ್ನ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ.

ಮಾತಿನ ಹೆಸರು ಎಷ್ಟು

ಮಾತಿನ ಹೆಸರು ಅಂದ್ರೆ ಆನ್‌ಲೈನಲ್ಲಿ ಬರೆಯೋ, ಮಾತಾಡೋ ಹೆಸರು. ಹಾಳೆಯ ಇನ್ನೊಂದು ಬದಿ ತಗೊಳ್ಳಿ. ನೀವು ಆನ್‌ಲೈನಲ್ಲಿ ಏನೇನು ಹಾಕ್ತೀರಿ ಅಂತ ಬರೀರಿ, ಅದರ ಎದುರು ಅದನ್ನ ಯಾರು ಓದಿದ್ರೆ ನಿಮ್ಗೆ ಖುಷಿ, ಯಾರು ಓದಿದ್ರೆ ಬೇಜಾರು ಅಂತ ಬರೀರಿ. ಬೇಜಾರಿನ ಕಾಲಮ್ಮಲ್ಲಿ ಏನೂ ಬಾರದಿದ್ರೆ ನಿಮ್ಗೆ ಒಂದೇ ಹೆಸರು ಸಾಕು, ಸುಮ್ಮನೆ ಹೊರೆ ಮಾಡ್ಕೊಳ್ಬೇಡಿ. ಬರೀ ಸಂಕೋಚ ಅಂತಾದ್ರೆ ತೆರೆದ ಎರಡನೇ ಹೆಸರು. ಕೆಲಸ ಹೋಗ್ತದೆ, ಮನೇಲಿ ಹೊಡೀತಾರೆ, ಹಿಂದೆ ಬೀಳುವವ ಒಬ್ಬ ಇದ್ದಾನೆ, ಕಾಯಿಲೆ ವಿಷಯ ಹೊರಗೆ ಬಂದ್ರೆ ಮಗಳ ಮದುವೆಗೆ ತೊಂದರೆ, ಅಂಥದ್ದಾದ್ರೆ ಮಾತ್ರ ಮುಚ್ಚಿದ್ದು.

ವ್ಯಾಪಾರದವರಿಗೆ ಒಂದೇ ಹೆಸರು ಒಳ್ಳೇದು, ಅದರಲ್ಲಿ ನಂಗೆ ಸಂಶಯ ಇಲ್ಲ. ಅತ್ತಿಗೆ ಪೆರ್ಲದ ಹತ್ರ ಹಲಸಿನ ಹಪ್ಪಳ, ಸೋಂಟೆ, ಉಪ್ಪಿನಕಾಯಿ ಮಾಡಿ ಮಾರ್ತಾರೆ. ಸುರುವಿಗೆ ಫೇಸ್‌ಬುಕ್ಕಲ್ಲಿ ಒಂದು ಹೆಸರು, ವಾಟ್ಸಾಪಲ್ಲಿ ಮನೆ ಹೆಸರು, ಪ್ಯಾಕೆಟ್ ಮೇಲೆ ಮಕ್ಕಳ ಹೆಸರು ಸೇರಿಸಿ ಮಾಡಿದ್ದು ಒಂದು. ಬೆಂಗ್ಳೂರಿಂದ ಒಬ್ಬರು ಕಳೆದ ವರ್ಷದ ಹಪ್ಪಳ ಚೆನ್ನಾಗಿತ್ತು ಅಂತ ಹುಡುಕಿದ್ರೆ ಸಿಗೋದೇ ಇಲ್ಲ. ಹೇಗೂ ಪ್ಯಾಕೆಟ್ ಮೇಲೆ ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ನಂಬರು, ವಿಳಾಸ ಹಾಕ್ಲೇಬೇಕಲ್ಲ, ಮತ್ತೆ ಮುಚ್ಚಿಡ್ಲಿಕ್ಕೆ ಎಂತ ಉಂಟು. ಎಲ್ಲ ಕಡೆ ಒಂದೇ ಹೆಸರು, ಒಂದೇ ಫೋಟೋ ಮಾಡಿದೆವು. ಆದ್ರೆ ನಂಬರು ಮಾತ್ರ ಬೇರೆ, ವಾಟ್ಸಾಪ್ ಬಿಸಿನೆಸ್ ಆಪಲ್ಲಿ, ಯಾಕಂದ್ರೆ ಮನೆ ನಂಬರಲ್ಲಿ ಮಗಳು ಹಾಕಿದ ಸ್ಟೇಟಸ್ಸು ಗಿರಾಕಿಗಳಿಗೆಲ್ಲ ಹೋಗ್ತಾ ಇತ್ತು. ಭಾಗವತಿಕೆ ಮಾಡುವವರು, ಮದ್ದಳೆಯವರು, ಟೈಲರಿಂಗ್ ಮಾಡುವವರು, ಇವರಿಗೆಲ್ಲ ಇದೇ ಮಾತು. ವರ್ಷಗಟ್ಟಲೆ ಸಂಪಾದಿಸಿದ ವಿಶ್ವಾಸ ಒಂದು ಹೆಸರಿನ ಮೇಲೆ ಕೂಡಿ ಬೀಳ್ಬೇಕು.

ಟೀಚರ್‌ಗಳು, ನರ್ಸ್‌ಗಳು, ಪಂಚಾಯತಿನಲ್ಲಿ ಕೆಲಸ ಮಾಡುವವರಿಗೆ ಎರಡು ಇರೋದು ಒಳ್ಳೇದು. ಆದ್ರೆ ಸರ್ಕಾರಿ ನೌಕರರು ಒಂದು ತಿಳ್ಕೊಳ್ಳಿ, ಹೆಸರು ಬೇರೆ ಇಟ್ಟ ಕೂಡ್ಲೇ ನಡತೆ ನಿಯಮ ನಿಮ್ಗೆ ಅನ್ವಯ ಆಗೋದಿಲ್ಲ ಅಂತ ಇಲ್ಲ, ಬರೆದದ್ದು ನೀವೇ ಅಂತ ಗೊತ್ತಾದ್ರೆ ಆ ಬರಹಕ್ಕೆ ನೀವೇ ಹೊಣೆ.

ಭಾಷೆಗೊಂದು ಅಕೌಂಟ್ ಬೇಕಾ ಅಂತ ನಮ್ಮ ಕಡೆ ಸುಮಾರು ಜನ ಕೇಳ್ತಾರೆ, ಕನ್ನಡಕ್ಕೊಂದು, ಮಲಯಾಳಕ್ಕೊಂದು, ತುಳುವಿಗೊಂದು. ನಾನು ಮಾಡಿ ನೋಡಿದ್ದೇನೆ, ಬೇಡ. ಎರಡೂ ಕಡೆ ಅರ್ಧರ್ಧ ಗಮನ, ಎರಡೂ ಬಾಡಿ ಹೋದವು. ನಮ್ಮ ಊರಲ್ಲಿ ಒಂದೇ ಬಸ್ಸಲ್ಲಿ ಕಂಡಕ್ಟರ್ ಹತ್ರ ಮಲಯಾಳಂ, ಪಕ್ಕದ ಸೀಟಿನವರತ್ರ ತುಳು, ಫೋನಲ್ಲಿ ಮನೆಗೆ ಕನ್ನಡ ಮಾತಾಡ್ತೇವೆ, ಅದಕ್ಕೆ ಮೂರು ಜನ ಆಗೋದಿಲ್ಲ. ಓದುವವರು ತಮ್ಗೆ ಬೇಕಾದ್ದು ಓದ್ತಾರೆ, ಉಳಿದದ್ದು ದಾಟಿಸ್ತಾರೆ. ಅಕೌಂಟನ್ನ ಓದುವವರು ನೋಡಿ ಪಾಲು ಮಾಡಿ, ಭಾಷೆ ನೋಡಿ ಮಾಡ್ಬೇಡಿ.

ಮತ್ತೊಂದು, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನ ಹಾಕಿದ್ರು ಅಂತ ದೂರು ಹೇಳೋದು, ಅರ್ಜಿ ಫಾರಂ ಕನ್ನಡದಲ್ಲಿ ಕೊಡಿ ಅಂತ ಕೇಳೋದು, ಊರ ಹೆಸರಿನ ಬೋರ್ಡ್ ತಪ್ಪು ಬರೆದದ್ದನ್ನ ತೋರಿಸೋದು, ಇಂಥದ್ದನ್ನ ದಯವಿಟ್ಟು ನಿಜ ಹೆಸರಲ್ಲೇ ಮಾಡಿ. ಕಾವ್ಯನಾಮದ ಅರ್ಜಿಗೆ ಬೆಲೆ ಇಲ್ಲ. ಹೆಸರು, ಮನೆ, ವಾರ್ಡು ಹಾಕಿ ಸಹಿ ಮಾಡಿದ ನೂರು ಜನ ಎದುರಿಗೆ ನಿಂತ್ರೆ ಅದರ ತೂಕವೇ ಬೇರೆ. ಕಾಸರಗೋಡು ಕನ್ನಡನಾಡಿಗೆ ಸೇರ್ಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಬದಿಯಡ್ಕದಲ್ಲಿ ಕೂತು ನೂರರ ಹತ್ರದವರೆಗೂ ತಮ್ಮ ಹೆಸರಲ್ಲೇ ಮಾತಾಡಿದ್ದು.

ಒಟ್ಟು ಎಷ್ಟು ಅಂತ ಕೇಳಿದ್ರೆ, ಕಾಗದದ್ದು ಸೇರಿ ಮೂರು. ನಾಲ್ಕನೆಯದನ್ನ ಸರಿಯಾಗಿ ನೋಡ್ಕೊಂಡವರನ್ನ ನಾನು ಕಾಣ್ಲಿಲ್ಲ.

ಮುಚ್ಚಿದ ಹೆಸರು ಬೇಕು ಅನ್ನುವವರಿಗೆ

ಕ್ರಮ ತಪ್ಪಿದ್ರೆ ಆಮೇಲೆ ಸರಿ ಮಾಡ್ಲಿಕ್ಕೆ ಆಗೋದಿಲ್ಲ, ಹಾಗಾಗಿ ಅವಸರ ಮಾಡ್ಬೇಡಿ. ಸುರುವಿಗೆ ಹೊಸ ಇಮೇಲ್, ಅದಕ್ಕೆ ರಿಕವರಿ ಅಂತ ಹಳೇ ಇಮೇಲ್ ಕೊಡ್ಬೇಡಿ. ಎಲ್ಲಿ ಇಮೇಲಿಂದಲೇ ಅಕೌಂಟ್ ಓಪನ್ ಆಗ್ತದೋ ಅಲ್ಲಿ ನಂಬರ್ ಕೊಡ್ಲೇಬೇಡಿ. ಆಪ್ ಓಪನ್ ಮಾಡುವಾಗ ಕಾಂಟ್ಯಾಕ್ಟ್ಸ್ ನೋಡ್ಲಾ ಅಂತ ಕೇಳ್ತದಲ್ಲ, ಅಲ್ಲಿ ಬೇಡ ಅಂತ ಒತ್ತಿ, ಒತ್ತಿದ ಮೇಲೂ ಫೋನಿನ ಸೆಟ್ಟಿಂಗಲ್ಲಿ ಹೋಗಿ ಆ ಆಪ್‌ನ ಪರ್ಮಿಷನ್ ಆಫ್ ಉಂಟಾ ಅಂತ ನೋಡಿ. ನಿಮ್ಮ ಅಕೌಂಟನ್ನ ಬೇರೆಯವರಿಗೆ ಸಜೆಸ್ಟ್ ಮಾಡೋದು ಬೇಡ ಅನ್ನೋ ಆಯ್ಕೆ ಇನ್‌ಸ್ಟಾಗ್ರಾಮಲ್ಲಿ ಪ್ರೊಫೈಲ್ ಎಡಿಟ್ ಮಾಡುವ ಕಡೆ ಇರ್ತದೆ, ಅದನ್ನ ತೆಗೀರಿ. ಟೆಲಿಗ್ರಾಮಲ್ಲಿ ಎರಡು ಬೇರೆ ಬೇರೆ ಸೆಟ್ಟಿಂಗ್ ಉಂಟು, ನನ್ನ ನಂಬರ್ ಯಾರಿಗೆ ಕಾಣ್ಬೇಕು ಅನ್ನೋದು ಒಂದು, ನಂಬರಿಂದ ನನ್ನನ್ನ ಯಾರು ಹುಡುಕಬಹುದು ಅನ್ನೋದು ಇನ್ನೊಂದು, ಮೊದಲನೆಯದ್ದು ಮಾತ್ರ ಬದಲಿಸಿ ಸುಮ್ಮನಾಗ್ಬೇಡಿ. ವಾಟ್ಸಾಪ್ ಗ್ರೂಪು ಮುಚ್ಚಿದ ಹೆಸರಿಗೆ ಆಗುವಂಥದ್ದೇ ಅಲ್ಲ, ನಂಬರು ಎಲ್ಲರಿಗೂ ಕಾಣ್ತದೆ. ಚಾನೆಲ್ ಆದ್ರೆ ಫಾಲೋ ಮಾಡುವವರಿಗೆ ನಡೆಸುವವರ ನಂಬರು ಕಾಣೋದಿಲ್ಲ.

ನಂಬರು ಬೇಕೇ ಬೇಕು ಅಂತಾದ್ರೆ ಎರಡನೇ ಸಿಮ್ಮು. ಗಡಿಯ ತಲಪಾಡಿ ದಾಟಿ ಮಂಗ್ಳೂರಿಗೆ ಓದ್ಲಿಕ್ಕೆ, ಕೆಲಸಕ್ಕೆ ಹೋಗುವವರತ್ರ ಹೇಗೂ ಕರ್ನಾಟಕದ್ದೊಂದು, ಕೇರಳದ್ದೊಂದು ಇರ್ತದೆ. ಆದ್ರೆ ರೀಚಾರ್ಜ್ ಮಾಡದೆ ಬಿಟ್ರೆ ನಂಬರು ನಿಲ್ತದೆ, ನಿಂತು 90 ದಿನ ಆದ ಮೇಲೆ ಅದನ್ನ ಬೇರೆಯವರಿಗೆ ಕೊಡ್ಬಹುದು. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಕಾಲೇಜಿನ ಸಿಮ್ಮಲ್ಲಿ ಒಂದು ಪೇಜ್ ಮಾಡಿ, ಊರಿಗೆ ಬಂದ ಮೇಲೆ ಆ ಸಿಮ್ಮನ್ನ ಪೌಡರ್ ಡಬ್ಬಿಯಲ್ಲಿ ಹಾಕಿಟ್ಟಿದ್ಲು. ಫೋನ್ ಬದಲಿಸಿದಾಗ ಓಟಿಪಿ ಹೋದದ್ದು ಯಾರೋ ಗುರ್ತ ಇಲ್ಲದವರಿಗೆ, ನಾಲ್ಕು ವರ್ಷ ಬರೆದದ್ದು ಅಲ್ಲಿಗೇ ಹೋಯ್ತು. ಸಿಮ್ಮು ಇಟ್ಕೊಂಡ್ರೆ ರೀಚಾರ್ಜ್ ತಾರೀಕು ಕ್ಯಾಲೆಂಡರಲ್ಲಿ ಬರೆದಿಡಿ, ಮತ್ತೆ ಓಟಿಪಿ ಬದಲು, ಫೋನಲ್ಲೇ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್ ಹಾಕ್ಕೊಂಡು, ಫೋನ್ ಹೋದ್ರೆ ಬೇಕಾಗುವ ಬ್ಯಾಕಪ್ ಕೋಡನ್ನ ಕಾಗದದಲ್ಲಿ ಬರೆದಿಡಿ. ಅಂದ ಹಾಗೆ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಉಂಟು ಅಂತ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಲ್ಲಿ ನೋಡ್ಬಹುದು, ನಮ್ಮ ಕಡೆ ಒಬ್ಬರಿಗೆ 9ರ ವರೆಗೆ ಮಾತ್ರ, ನಿಮ್ಗೆ ಗೊತ್ತಿಲ್ಲದ್ದು ಅದರಲ್ಲಿ ಕಂಡ್ರೆ ಅಲ್ಲಿಂದಲೇ ರಿಪೋರ್ಟ್ ಮಾಡಿ.

ಫೋಟೋ. ಇದಕ್ಕೆ ಹೆಚ್ಚು ಹೊತ್ತು ಕೊಡಿ ಅಂತ ಕೇಳ್ಕೊಳ್ತೇನೆ. ಮುಖ ಇಲ್ಲದ ಫೋಟೋ ಸೇಫ್ ಅಂತ ನಾನೂ ಅಂದ್ಕೊಂಡದ್ದು. ಆದ್ರೆ ಹಳ್ಳಿಯಲ್ಲಿ ಮನುಷ್ಯನ ಗುರ್ತ ಹಿಡಿಯೋದು ಮುಖದಿಂದ ಮಾತ್ರ ಅಲ್ಲ. ಅಂಗಳದ ಇಳಿಜಾರು, ಅಡಿಕೆ ಒಣ ಹಾಕಿದ ಜಾಗ, ಬಾವಿಕಟ್ಟೆಯ ಬಣ್ಣ, ದನದ ಹಣೆಯ ಬಿಳಿ ಬೊಟ್ಟು, ಹಿಂದೆ ಕಾಣೋ ಭಜನಾ ಮಂದಿರದ ಗೋಡೆ, ಇಷ್ಟು ಸಾಕು ನಮ್ಮವರಿಗೆ. ಮುಚ್ಚಿದ ಹೆಸರಲ್ಲಿ ಮನೆಯ ಫೋಟೋ ಹಾಕ್ಲೇಬೇಡಿ. ಹಾಕೋದಾದ್ರೆ ಎಲೆ, ಆಕಾಶ, ನೀರು. ಬೇರೆ ಕಡೆ ಒಮ್ಮೆ ಹಾಕಿದ ಫೋಟೋವನ್ನ ಇಲ್ಲಿ ಮತ್ತೆ ಹಾಕ್ಬೇಡಿ, ಫೋಟೋ ಕೊಟ್ಟು ಹುಡುಕಿದ್ರೆ ಎರಡೂ ಸಿಗ್ತದೆ. ಫೋನಲ್ಲಿ ಲೊಕೇಶನ್ ಆನ್ ಇದ್ರೆ ಫೋಟೋದ ಒಳಗೆ ಜಾಗದ ಗುರುತು ಕೂತಿರ್ತದೆ, ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಹೋಗ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಹಾಗೇ ಉಳೀತದೆ. ಕ್ಯಾಮೆರಾದ ಸೆಟ್ಟಿಂಗಲ್ಲೇ ಲೊಕೇಶನ್ ಆಫ್ ಮಾಡಿ ಬಿಡಿ.

ದುಡ್ಡಿನ ಜಾಗದಲ್ಲಿ ಹೆಸರು ತಪ್ಪದೆ ಹೊರಗೆ ಬರ್ತದೆ. ಒಬ್ಬ ಹುಡುಗ ಮುಚ್ಚಿದ ಹೆಸರಲ್ಲಿ ಚಂದದ ಕಥೆ ಬರೀತಿದ್ದ, ಓದುಗರು ಏನಾದ್ರೂ ಕೊಡ್ತೇವೆ ಅಂದ್ರು ಅಂತ ಯುಪಿಐ ಕ್ಯೂಆರ್ ಹಾಕಿದ. ಸ್ಕ್ಯಾನ್ ಮಾಡಿದವರಿಗೆ ಕಂಡದ್ದು ಬ್ಯಾಂಕಲ್ಲಿ ಇರೋ ಹೆಸರು, ಐಡಿಯಲ್ಲಿ ಅವನ ಫೋನ್ ನಂಬರು. ಹತ್ತು ರೂಪಾಯಿ ಕೂಡ ಬೇಡ, ಸ್ಕ್ಯಾನ್ ಮಾಡಿ ಹೆಸರು ನೋಡಿ ವಾಪಸ್ ಬಂದ್ರೆ ಆಯ್ತು. ಗೂಗಲ್ ಡ್ರೈವ್ ಲಿಂಕ್ ಕೊಟ್ರೂ ಹಾಗೇ, ಫೈಲ್ ಯಾರದ್ದು ಅಂತ ಅದ್ರಲ್ಲಿ ಕಾಣ್ತದೆ. ವರ್ಡಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಕಂಪ್ಯೂಟರಲ್ಲಿ ಹಾಕಿದ ಹೆಸರು ಕೂತಿರ್ತದೆ. ಟ್ರೂಕಾಲರಲ್ಲಿ ನೀವು ಏನೂ ಮಾಡದಿದ್ರೂ ಬೇರೆಯವರು ಸೇವ್ ಮಾಡಿಟ್ಟ ಹೆಸರು ಬರ್ಬಹುದು, ಹಾಗಾಗಿ ಆ ಸಿಮ್ಮಿಂದ ಮನೆಯವರಿಗೆ ಫೋನ್ ಮಾಡ್ಬೇಡಿ.

ಅಕೌಂಟ್ ತಪ್ಪಿ ಕಮೆಂಟ್ ಹಾಕೋದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗ್ತದೆ. ಕಂಪ್ಯೂಟರಲ್ಲಿ ಆದ್ರೆ ಕ್ರೋಮಲ್ಲಿ ಬೇರೆ ಪ್ರೊಫೈಲ್ ಮಾಡಿ, ಒಂದಕ್ಕೆ ಹಸಿರು ಬಣ್ಣ ಒಂದಕ್ಕೆ ಕೆಂಪು ಕೊಡಿ, ಕಣ್ಣಿಗೆ ತಕ್ಷಣ ಗೊತ್ತಾಗ್ತದೆ. ಫೋನಲ್ಲಿ ಒಂದೇ ಆಪಲ್ಲಿ ಎರಡು ಅಕೌಂಟ್ ಇಡುವ ಸೌಕರ್ಯ ಇನ್‌ಸ್ಟಾಗ್ರಾಮಲ್ಲೂ ಉಂಟು, ವಾಟ್ಸಾಪಲ್ಲೂ ಉಂಟು, ತೆರೆದ ಹೆಸರಿಗೆ ಅದು ಅನುಕೂಲವೇ, ಮುಚ್ಚಿದ ಹೆಸರನ್ನ ಮಾತ್ರ ಹಾಗೆ ಇಡ್ಬೇಡಿ, ಬ್ರೌಸರಲ್ಲಿ ಲಾಗಿನ್ ಆಗಿ ಕೆಲಸ ಮುಗಿದ ಮೇಲೆ ಲಾಗೌಟ್ ಆಗಿ. ನಿದ್ದೆಗಣ್ಣಲ್ಲಿ ಬರೀಬೇಡಿ.

ಎರಡನೇ ಹೆಸರಲ್ಲಿ ಮಾಡಬಾರದ್ದು

ನಿಮ್ಮದೇ ಮೊದಲ ಹೆಸರಿನ ಬರಹಕ್ಕೆ ಎರಡನೇ ಹೆಸರಲ್ಲಿ ಬಂದು ಭೇಷ್ ಅನ್ನೋದು. ಎದುರಿಗೆ ಹೇಳ್ಲಿಕ್ಕೆ ಆಗದ್ದನ್ನ ಒಬ್ಬರ ಮೇಲೆ ಎಸೆಯೋದು. ನಾನು ನಂಗೆ ಇಟ್ಕೊಂಡ ಲೆಕ್ಕ ಇಷ್ಟು, ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ "ಇದು ನೀವೇ ಅಲ್ವಾ" ಅಂತ ಕೇಳಿದ್ರೆ ಮುಜುಗರ ಆಗ್ಬಹುದು, ಆದ್ರೆ ಹೌದು ಅಂತ ಹೇಳ್ಲಿಕ್ಕೆ ಆಗ್ಬೇಕು.

ಇನ್ನೊಬ್ಬ ನಿಜ ಮನುಷ್ಯನ ಹೆಸರು, ಫೋಟೋ ಹಾಕಿ ಅಕೌಂಟ್ ಮಾಡೋದು ಪೂರ್ತಿ ಬೇರೆ ವಿಷಯ, ಅದು ಅಪರಾಧ. ಕಂಪ್ಯೂಟರ್ ಬಳಸಿ ಇನ್ನೊಬ್ಬರ ವೇಷದಲ್ಲಿ ಮೋಸ ಮಾಡಿದ್ರೆ ಐಟಿ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದ ವರೆಗೆ ಜೈಲು, ಒಂದು ಲಕ್ಷದ ವರೆಗೆ ದಂಡ ಉಂಟು. ನಿಮ್ಮ ಹೆಸರಲ್ಲೇ ಯಾರಾದ್ರೂ ನಕಲಿ ಮಾಡಿದ್ರೆ ಮೊದ್ಲು ಗಾಬರಿಯಲ್ಲಿ ರಿಪೋರ್ಟ್ ಒತ್ತಬೇಡಿ, ಅದಕ್ಕಿಂತ ಮುಂಚೆ ಆ ಪ್ರೊಫೈಲಿನ ಲಿಂಕ್ ಕಾಪಿ ಮಾಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಪ್ರೊಫೈಲ್ ಹೆಸರು ಅವರು ಬದಲಿಸಬಹುದು, ಲಿಂಕ್ ಇದ್ರೆ ಪೊಲೀಸರಿಗೆ ಹಿಡಿ ಸಿಗ್ತದೆ. ಆಮೇಲೆ ರಿಪೋರ್ಟ್, ಗೆಳೆಯರಿಂದಲೂ ಮಾಡಿಸಿ. ದುಡ್ಡು ಕೇಳಿದ್ದಾರೆ, ಯಾರೋ ಕೊಟ್ಟೂ ಆಗಿದೆ ಅಂತಾದ್ರೆ ಕೂಡ್ಲೇ ಸೈಬರ್ ಮೋಸದ ದೂರು ತಗೊಳ್ಳುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದ್ರೆ ಅಷ್ಟು ಒಳ್ಳೇದು.

ಕಪಾಟಿನ ಪುಸ್ತಕ

ಇದನ್ನ ಯಾರೂ ಮಾಡೋದಿಲ್ಲ, ನೀವು ಮಾಡಿ. ನನ್ನ ಚಿಕ್ಕಪ್ಪ ಪತ್ರಿಕೆಗಳಿಗೆ ಬರೀತಿದ್ರು, ಕಥೆಗೆ ಒಂದು ಹೆಸರು, ಯಕ್ಷಗಾನ ವಿಮರ್ಶೆಗೆ ಒಂದು, ಇನ್ನೂ ಒಂದೆರಡು ಇತ್ತು ಅಂತ ಅವರ ಗೆಳೆಯರು ಹೇಳ್ತಾರೆ. ಅವರು ತೀರಿಹೋದ ಮೇಲೆ ಅಟ್ಟದಿಂದ ಕಟಿಂಗ್‌ಗಳ ಕಟ್ಟು ಇಳಿಸಿ ನೋಡಿದೆವು, ಚಿಕ್ಕಮ್ಮ ಒಂದೊಂದನ್ನೇ ಕನ್ನಡಕ ಹಾಕಿ ಓದಿ "ಇದು ಅವರದ್ದೇ ಇರ್ಬೇಕು, ಈ ಮಾತು ಅವರು ಹೇಳ್ತಿದ್ರು" ಅಂತ ಒಂದು ಕಡೆ ಇಡ್ತಾರೆ, ಇನ್ನೊಂದನ್ನ ಹಿಡಿದು ತುಂಬಾ ಹೊತ್ತು ಕೂರ್ತಾರೆ, ಗೊತ್ತಾಗೋದಿಲ್ಲ. ಆ ಮೂರನೇ ರಾಶಿ ಈಗಲೂ ಹಾಗೇ ಉಂಟು.

ಆನ್‌ಲೈನ್ ಆದ್ರೆ ರಾಶಿ ಕೂಡ ಉಳಿಯೋದಿಲ್ಲ. ಗೂಗಲ್ ಅಕೌಂಟನ್ನ ಎರಡು ವರ್ಷ ಮುಟ್ಟದಿದ್ರೆ ಅವರು ಅಳಿಸಿ ಹಾಕ್ಬಹುದು. ಅದರ ಸೆಟ್ಟಿಂಗಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಉಂಟು, ಇಷ್ಟು ತಿಂಗಳು ನಾನು ಬಾರದಿದ್ರೆ ಇವರಿಗೆ ತಿಳಿಸಿ ಅಂತ ಒಬ್ಬರ ಹೆಸರು ಕೊಡ್ಬಹುದು. ಫೇಸ್‌ಬುಕ್ಕಲ್ಲೂ ನಮ್ಮ ನಂತರ ನೋಡ್ಕೊಳ್ಳುವವರು ಅಂತ ಒಬ್ಬರನ್ನ ಇಡ್ಲಿಕ್ಕೆ ಆಗ್ತದೆ. ಅದರ ಜೊತೆಗೆ ಒಂದು ಚಿಕ್ಕ ನೋಟ್ ಪುಸ್ತಕ ತಗೊಂಡು ಎಲ್ಲ ಹೆಸರು, ಯಾವ ಇಮೇಲು, ಬ್ಯಾಕಪ್ ಕೋಡು ಎಲ್ಲಿ ಉಂಟು, ಯಾವುದನ್ನ ಉಳಿಸ್ಬೇಕು, ಯಾವುದನ್ನ ಓದದೆ ಅಳಿಸ್ಬೇಕು ಅಂತ ಬರೆದು ನಂಬಿಕೆಯ ಒಬ್ಬರಿಗೆ ಮಾತ್ರ ಜಾಗ ಹೇಳಿಡಿ. ನನ್ನದು ಅಮ್ಮನ ಸೀರೆಗಳ ಅಡಿಯಲ್ಲಿ ಉಂಟು. ತಂಗಿಗೆ ಹೇಳಿದ್ದೇನೆ, ಅವಳು ಇನ್ನೂ ಬಿಡಿಸಿ ನೋಡ್ಲಿಲ್ಲ. ಕವನದ ಪೇಜ್ ಹೊಸ ಇಮೇಲಲ್ಲಿ ಮತ್ತೆ ಸುರು ಮಾಡಿ ಎರಡು ವರ್ಷ ಆಯ್ತು, ತುಳಸಿಕಟ್ಟೆಯ ಫೋಟೋ ಅದರಲ್ಲಿ ಇಲ್ಲ.